ಸಮುದ್ರಕ್ಕೆ ಹೊರಟ ಗಾಡಿಮನೆ

"ಮನೆಯನ್ನೇ ಜೊತೆಗೆ ಕರೆದುಕೊಂಡು ಹೋದರೆ, ಅದು ಮನೆ ಬಿಟ್ಟು ಹೋದ ಹಾಗೆ ಆಗುತ್ತದೆಯೇ ಗುರುಗಳೇ?" ಎಂದು ನಂಜರಾಜ ಕೇಳಿದ.

ಗುರುಗಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. "ಸುತ್ತಿ ಬಳಸಿ ಕೇಳಬೇಡ. ಎಲ್ಲಿಗೆ ಹೊರಟಿದ್ದೀಯ?" ಎಂದರು.

ನಂಜರಾಜ ಹೇಳಿದ. ಅವನೂ ಅವನ ಹೆಂಡತಿ ವನಮಾಲಾಳೂ ನ್ಯೂಜಿಲೆಂಡ್ ನೋಡಬೇಕೆಂದು ಬಹಳ ಕಾಲದಿಂದ ಆಸೆಪಟ್ಟಿದ್ದರು. ಅಲ್ಲಿ ಮೋಟರ್‌ಹೋಮ್ ಎಂಬ ಗಾಡಿ ಬಾಡಿಗೆಗೆ ಸಿಗುತ್ತದೆ. ಮಲಗಲು ಮಂಚ, ಅಡುಗೆಗೆ ಒಲೆ, ಸ್ನಾನಕ್ಕೆ ಬಚ್ಚಲು, ಎಲ್ಲವೂ ಅದರೊಳಗೇ. ಬೆಟ್ಟ ಚೆನ್ನಾಗಿ ಕಂಡರೆ ಬೆಟ್ಟದ ಬುಡದಲ್ಲಿ, ಕೆರೆ ಚೆನ್ನಾಗಿ ಕಂಡರೆ ಕೆರೆಯ ದಂಡೆಯಲ್ಲಿ ನಿಲ್ಲಿಸಿಕೊಂಡು ಮಲಗಬಹುದು. ಎಲ್ಲ ಗೊತ್ತುಮಾಡಿ ಆಗಿತ್ತು. ಅಷ್ಟರಲ್ಲಿ ಕೊರೊನಾ ಬಂತು.

"ಆ ದೇಶ ಇನ್ನೂ ಬಾಗಿಲು ಹಾಕಿಲ್ಲ. ವಿಮಾನ ಹಾರ್ತಾ ಇದೆ. ನಾವು ಯಾರನ್ನೂ ಮುಟ್ಟಲ್ಲ, ಹೋಟೆಲಿಗೆ ಕಾಲಿಡಲ್ಲ. ನಮ್ಮ ಅನ್ನ ನಾವು ಮಾಡ್ಕೋತೀವಿ, ನಮ್ಮ ಹಾಸಿಗೇಲಿ ನಾವು ಮಲಗ್ತೀವಿ. ಕಿಟಕಿಯಿಂದ ಬೆಟ್ಟ ನೋಡಿಕೊಂಡು ವಾಪಸ್ ಬರ್ತೀವಿ. ನಮಗೆ ರೋಗ ಎಲ್ಲಿಂದ ಅಂಟುತ್ತೆ? ವನಮಾಲಾ ಬೇಡ ಅಂತಾಳೆ. ನಾನು ಹೋಗೋಣ ಅಂತೀನಿ. ಈಗ ಬಿಟ್ಟರೆ ಆಮೇಲೆ ಮಂಡಿ ನೋವಿನ ವಯಸ್ಸು ಬಂದುಬಿಡುತ್ತೆ. ನಾಳೆ ಸಂಜೆ ಹೊರಡಬೇಕು. ಹೋಗಲೋ ಬೇಡವೋ, ನೀವೇ ಹೇಳಿಬಿಡಿ."

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೈಯಲ್ಲಿದ್ದ ಬೀಜವನ್ನು ಪಕ್ಕಕ್ಕಿಟ್ಟು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಮನೆಯಲ್ಲಿ ಅವನು ಮತ್ತು ಅವನ ಹೆಂಡತಿ, ಇಬ್ಬರೇ. ಮದುವೆಯಾದ ಹೊಸದರಲ್ಲಿ ಅವಳು ಅವನನ್ನು ಒಂದೇ ಒಂದು ಕೇಳಿದ್ದಳು. ಸಮುದ್ರ ತೋರಿಸಿ ಎಂದಿದ್ದಳು. ಸಮುದ್ರವೆಂದರೆ ನೆಲ ಮುಗಿದ ಮೇಲೆ ಆಕಾಶವೇ ಕೆಳಗಿಳಿದು ಮಲಗಿದ ಹಾಗೆ ಇರುತ್ತದೆಂದು ಅವಳಿಗೆ ಅವಳ ಅಜ್ಜಿ ಹೇಳಿದ್ದಳಂತೆ. "ಈ ಆಲೆಮನೆ ಕಾಲ ಒಂದು ಮುಗೀಲಿ" ಎಂದು ವರ್ತಕ ಹೇಳಿದ. ಆಲೆಮನೆ ಕಾಲ ಮುಗಿಯಿತು. ಮತ್ತೆ ಬಂತು. ಮತ್ತೆ ಮುಗಿಯಿತು. ಬೆಲ್ಲ ಮಾರುವವನಿಗೆ ಪುರುಸೊತ್ತು ಎಲ್ಲಿಯದು? ಅವಳೂ ಮತ್ತೆ ಕೇಳಲಿಲ್ಲ. ಹೀಗೇ ತಲೆ ನರೆಯಿತು.

ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು. ದೊಡ್ಡದು ಕಾಣುತ್ತಿತ್ತು, ಚಿಕ್ಕದು ಕಾಣುತ್ತಿರಲಿಲ್ಲ. ಹಸು ಕಾಣುತ್ತಿತ್ತು, ಕೊಂಬು ಕಾಣುತ್ತಿರಲಿಲ್ಲ. ಬಾಗಿಲು ಕಾಣುತ್ತಿತ್ತು, ಚಿಲಕವನ್ನು ತಡವಬೇಕಾಗಿತ್ತು. ವೈದ್ಯ ಬಂದು ರೆಪ್ಪೆ ಎತ್ತಿ ನೋಡಿದ. ವರ್ತಕನನ್ನು ಪಕ್ಕಕ್ಕೆ ಕರೆದು, "ಬರೋ ದೀಪಾವಳಿ ದೀಪ ಅಮ್ಮನವರಿಗೆ ಕಾಣೋದು ಅನುಮಾನ" ಎಂದ.

ಅಂದಿನಿಂದ ವರ್ತಕನಿಗೆ ಅದೇ ಯೋಚನೆ. ದೊಡ್ಡದು ಇನ್ನೂ ಕಾಣುತ್ತದೆ. ಸಮುದ್ರ ದೊಡ್ಡದು. ಈಗಲೇ ಹೋದರೆ ಅವಳು ಅದನ್ನು ನೋಡಿಯಾಳು ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಆದರೆ ಆ ವರ್ಷವೇ ಸೀಮೆಗೆ ದೊಡ್ಡ ರೋಗ ಬಂದಿತ್ತು. ಹಳ್ಳಿಗಳ ಜನ ಮನೆಗೆ ಬೀಗ ಹಾಕಿ, ತಂತಮ್ಮ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಒಂದು ಗುಡಿಸಲಿನವರು ಇನ್ನೊಂದರ ಹತ್ತಿರ ಸುಳಿಯುತ್ತಿರಲಿಲ್ಲ. ಒಲೆಗೆ ಕೆಂಡ ಬೇಕೆಂದರೂ ಕೊಡುವವರು ಬದುವಿನ ಮೇಲೆ ಇಟ್ಟು ಹೋಗುತ್ತಿದ್ದರು, ಬೇಕಾದವರು ಆಮೇಲೆ ಹೋಗಿ ತರುತ್ತಿದ್ದರು. ರೋಗಕ್ಕೆ ಒಂದು ಗುಡಿಸಲಿನಿಂದ ಇನ್ನೊಂದಕ್ಕೆ ಹೋಗಲು ದಾರಿ ಸಿಗದೆ ಅದು ಸೊರಗುತ್ತಿತ್ತು.

ವರ್ತಕ ಬಹಳ ಯೋಚನೆ ಮಾಡಿ ಬಡಗಿಯನ್ನು ಕರೆಸಿದ. ಎತ್ತಿನ ಗಾಡಿಯ ಮೇಲೆ ಒಂದು ಮನೆ ಕಟ್ಟಿಸಿದ. ಹಲಗೆಯ ಗೋಡೆ, ಹಲಗೆಯ ಮಾಡು, ಒಂದು ಬಾಗಿಲು, ಒಂದು ಕಿಟಕಿ. ಒಳಗೆ ಹಾಸಿಗೆ, ಒಲೆ, ನೀರಿನ ಹಂಡೆ, ಅಕ್ಕಿಬೇಳೆಯ ಡಬ್ಬಿಗಳು. ಹೆಂಡತಿಯನ್ನು ಕರೆದು ಕೈಹಿಡಿದು ಎಲ್ಲವನ್ನೂ ಮುಟ್ಟಿಸಿ ತೋರಿಸಿದ.

"ಮನೆ ಬಿಟ್ಟು ಹೋದರೆ ತಾನೆ ಭಯ? ಮನೆಯನ್ನೇ ಕರಕೊಂಡು ಹೋಗೋಣ" ಎಂದ.

"ದಾರೀಲಿ ಊರುಗಳಿವೆಯಲ್ಲ?" ಎಂದಳು ಹೆಂಡತಿ.

"ಊರು ಅದರ ಪಾಡಿಗೆ ಅದಿರುತ್ತೆ. ನಾವು ನಮ್ಮ ಪಾಡಿಗೆ ಹೋಗ್ತೀವಿ. ಯಾರನ್ನೂ ಮುಟ್ಟಲ್ಲ, ಯಾರ ಹತ್ತಿರಾನೂ ಬಾಯಿ ಬಿಡಲ್ಲ."

"ನೀವು? ಬಾಯಿ ಬಿಡಲ್ವಾ? ನಿದ್ದೇಲೂ ಬೆಲ್ಲ ಬೆಲ್ಲ ಅಂತ ಕೂಗೋರು!"

"ನಿನ್ನಾಣೆ, ಬಿಡಲ್ಲ ಕಣೇ."

ಅವಳು ನಕ್ಕಳು. ಬೇಡವೆನ್ನಬೇಕೆಂದು ಬಾಯಿಯವರೆಗೆ ಬಂದಿತ್ತು. ಆದರೆ ಸಮುದ್ರ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬೇಡವೆನ್ನುವುದು ಅವಳಿಗೂ ಕಷ್ಟವಾಯಿತು.

ರೋಗ ಹತ್ತಿರ ಬರಬಾರದೆಂದು ವರ್ತಕ ಗಾಡಿಯ ನಾಲ್ಕು ಮೂಲೆಗೂ ಬೇವಿನ ಸೊಪ್ಪು ಕಟ್ಟಿದ. ಬಾಗಿಲಿಗೆ ದಪ್ಪನೆ ಅರಿಶಿನ ಬಳಿದ. ಒಳಗೆ ಸಾಂಬ್ರಾಣಿ ಹೊಗೆ ಹಾಕಿದ. ಅರಿಶಿನದಲ್ಲಿ ಅದ್ದಿದ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿ ಕಟ್ಟಿಕೊಂಡು ಮೂಕಿಯ ಹತ್ತಿರ ಕೂತ. ಎತ್ತು ಹೊರಟವು.

ಆ ಪ್ರಯಾಣ ಕನಸಿನ ಹಾಗಿತ್ತು. ಗಾಡಿ ಮುಂದಕ್ಕೆ ಹೋಗುತ್ತಿದೆಯೋ ನೆಲವೇ ಹಿಂದಕ್ಕೆ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ. ಒಳಗೆ ಅನ್ನ ಬೇಯುತ್ತಿತ್ತು, ಹೊರಗೆ ಬಯಲು ಸಾಗುತ್ತಿತ್ತು. ಹೆಂಡತಿ ಕಿಟಕಿಯಲ್ಲಿ ಕೂತು ಮಸುಕು ಕಣ್ಣಿನಿಂದ ಕಂಡದ್ದನ್ನೆಲ್ಲ ಕೂಗಿ ಹೇಳುತ್ತಿದ್ದಳು. "ಅಲ್ನೋಡಿ, ಮೋಡ ನೆಲದ ಮೇಲೆ ನಡೀತಾ ಇದೆ!" ಎಂದಳು. "ಅದು ಕುರಿಮಂದೆ ಕಣೇ" ಎಂದು ಅವನು ಹೇಳಲಿಲ್ಲ. ಹೂಂ ಎಂದ.

ಮೊದಲನೆಯ ಊರು ಬಂತು. ದೂರದಿಂದಲೇ ತಮಟೆಯ ಸದ್ದು ಕೇಳಿತು. ಜನ ಹೊಲಗಳಲ್ಲಿ ನಿಂತು ಕೈಮುಗಿಯುತ್ತಿದ್ದರು. ಹತ್ತಿರ ಯಾರೂ ಬರಲಿಲ್ಲ. ಊರ ಗಡಿಯ ಕಲ್ಲಿನ ಪಕ್ಕದಲ್ಲಿ ಬಾಳೆಲೆಯ ಮೇಲೆ ಮೊಸರನ್ನ, ಹಸಿರು ಬಳೆ, ರವಿಕೆ ಕಣ ಇಟ್ಟಿದ್ದರು.

"ನೋಡಿದೆಯಾ!" ಎಂದ ವರ್ತಕ. "ಎಂಥಾ ಜನ! ದೂರಾನೂ ನಿಂತವರೆ, ಊಟಾನೂ ಇಟ್ಟವರೆ. ನಮ್ಮ ಪೇಟೇಲಿ ಬೀಗರು ಬಂದರೂ ಇಷ್ಟು ಮಾಡಲ್ಲ."

ಎರಡನೆಯ ಊರಿನಲ್ಲೂ ತಮಟೆ, ಮೊಸರನ್ನ. ಜೊತೆಗೆ ಕಾಲು ಕಟ್ಟಿದ ಒಂದು ಕೋಳಿ.

"ಕೋಳಿ ಯಾಕ್ರೀ ಕೊಟ್ಟರು? ನಾವು ತಿನ್ನಲ್ವಲ್ಲ" ಎಂದಳು ಹೆಂಡತಿ.

"ಪಾಪ, ಅವರಿಗೇನು ಗೊತ್ತು."

ವರ್ತಕ ಅದರ ಕಾಲಿನ ಕಟ್ಟು ಬಿಚ್ಚಿದ. ಕೋಳಿ ಗಾಡಿಯೊಳಗೆ ಬಂದು ಹಾಸಿಗೆಯ ಮೇಲೆ ಕೂತು, ಇದು ತನ್ನದೇ ಮನೆ ಎನ್ನುವ ಹಾಗೆ ಮೊಟ್ಟೆ ಇಟ್ಟಿತು.

ಇಲ್ಲಿ ನಂಜರಾಜ ಜೋರಾಗಿ ನಕ್ಕ. ಗುರುಗಳು ಅವನ ನಗು ಮುಗಿಯುವ ತನಕ ಕಾದು ಮುಂದುವರಿದರು.

ಮೂರನೆಯ ಊರಿನ ಗಡಿಯಲ್ಲಿ ಒಬ್ಬ ರೈತ ದಾರಿಯ ಪಕ್ಕ ಮಂಡಿಯೂರಿದ್ದ. ವರ್ತಕ ಎತ್ತುಗಳಿಗೆ ನೀರು ಕುಡಿಸೋಣವೆಂದು ಗಾಡಿ ನಿಲ್ಲಿಸಲು ಹೋದ. ರೈತ ಕೈಮುಗಿದ. "ಪೂಜಾರಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ದೊಡ್ಡಮ್ಮನ್ನ ಇಲ್ಲಿ ನಿಲ್ಲಿಸಬೇಡ. ಗಡಿ ದಾಟಿಸಿಬಿಡು. ನಾವು ಬಡವರು" ಎಂದ.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಊರಿಗೆ ರೋಗ ಬಂದರೆ ಮಾರಮ್ಮನಿಗೆ ಒಂದು ಮರದ ಗಾಡಿ ಮಾಡಿ, ಬೇವು ಕಟ್ಟಿ, ಅರಿಶಿನ ಬಳಿದು, ಎಡೆ ಇಟ್ಟು, ತಮಟೆ ಬಡಿದು ಊರ ಗಡಿ ದಾಟಿಸಿ ಬಿಡುತ್ತಿದ್ದರು. ಆಚೆ ಊರಿನವರು ಪೂಜೆ ಮಾಡಿ ತಮ್ಮ ಗಡಿ ದಾಟಿಸುತ್ತಿದ್ದರು. ಅವರ ಆಚೆಯವರು ಇನ್ನೂ ಮುಂದಕ್ಕೆ. ತಾಯಿ ಗಡಿ ದಾಟಿದಳೆಂದರೆ ರೋಗವೂ ಅವಳ ಹಿಂದೆ ಹೋಯಿತೆಂದು ಲೆಕ್ಕ. ಪೇಟೆಯ ಮಾರಮ್ಮನಿಗೆ ಕಲ್ಲಿನ ಗುಡಿ. ಅವಳು ಎಲ್ಲಿಗೂ ಹೊರಡುವವಳಲ್ಲ. ಹಾಗಾಗಿ ವರ್ತಕ ಇದನ್ನು ಕಿವಿಯಲ್ಲಿ ಕೇಳಿದ್ದನೇ ಹೊರತು ಕಣ್ಣಾರೆ ಕಂಡಿರಲಿಲ್ಲ.

ರೈತನ ಮಾತು ಕೇಳಿ ಅವನಿಗೆ ಎಲ್ಲ ತಿಳಿಯಿತು. ತಮಟೆ ಯಾಕೆ, ಬಳೆ ಯಾಕೆ, ಕೋಳಿ ಯಾಕೆ ಎಂಬುದು ತಿಳಿಯಿತು. ನಾವು ಮನುಷ್ಯರು ಕಣಪ್ಪ ಎನ್ನಲು ಬಟ್ಟೆಯ ಹಿಂದೆ ಬಾಯಿ ತೆರೆದ. ತೆರೆದವನಿಗೆ ಹೆಂಡತಿಯ ಕಣ್ಣು ನೆನಪಾಯಿತು. ಮನುಷ್ಯರೆಂದು ಗೊತ್ತಾದರೆ ರೋಗದ ಕಾಲದಲ್ಲಿ ಯಾವ ಊರಿನವರು ದಾರಿ ಬಿಟ್ಟಾರು? ತಡೆದು ನಿಲ್ಲಿಸುತ್ತಾರೆ, ಹಿಂದಕ್ಕೆ ಅಟ್ಟುತ್ತಾರೆ. ಅಷ್ಟರಲ್ಲಿ ದೀಪಾವಳಿ ಬಂದುಬಿಡುತ್ತದೆ. ಬಾಯಿ ಬಿಡುವುದಿಲ್ಲವೆಂದು ಹೆಂಡತಿಯ ಮೇಲೆ ಆಣೆ ಇಟ್ಟಿದ್ದೇನಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಎತ್ತುಗಳನ್ನು ಬಾಯಾರಿದ ಹಾಗೇ ಹೊಡೆದ.

ಮುಂದಿನ ಊರುಗಳಿಗೆ ಸುದ್ದಿ ಗಾಡಿಗಿಂತ ಮೊದಲೇ ಮುಟ್ಟುತ್ತಿತ್ತು. ಇಷ್ಟು ದೊಡ್ಡ ಗಾಡಿಯಲ್ಲಿ ಮಾರಮ್ಮ ಯಾವ ಕಾಲದಲ್ಲೂ ಬಂದಿರಲಿಲ್ಲವೆಂದು ಜನ ಮಾತಾಡಿಕೊಂಡರು. ಎಡೆ ದೊಡ್ಡದಾಯಿತು. ತಮಟೆ ಹೆಚ್ಚಾಯಿತು. ದಾರಿಯ ಮುಳ್ಳು ಗುಡಿಸಿ ಸಗಣಿ ನೀರು ಚಿಮುಕಿಸಿದ್ದರು. ಎಲ್ಲ ಕಡೆಯೂ ಕೈಮುಗಿದರು, ಎಲ್ಲ ಕಡೆಯೂ ಅವಸರ ಮಾಡಿದರು.

"ಒಂದು ವಿಚಿತ್ರ ನೋಡಿದ್ರಾ?" ಎಂದಳು ಹೆಂಡತಿ ಒಂದು ಸಂಜೆ. "ಇಷ್ಟು ಊರು ದಾಟಿದ್ವಿ. ಒಬ್ಬರ ಬಾಯಲ್ಲೂ ಹೋಗಿ ಬನ್ನಿ ಅಂತ ಬರಲಿಲ್ಲ. ಹೋಗು, ಹೋಗು ಅಂತಾರೆ. ಸಾಲಗಾರನಿಗೂ ಹೋಗಿ ಬಾ ಅನ್ನೋದು ನಮ್ಮ ಕಡೆ."

"ಹಳ್ಳಿ ಜನ. ಮಾತು ಒರಟು" ಎಂದ ವರ್ತಕ. ಅವನು ತಿರುಗಿ ನೋಡಲಿಲ್ಲ.

ತಿರುಗಿ ನೋಡಿದ್ದರೆ ದಾಟಿ ಬಂದ ಊರುಗಳು ಕಾಣುತ್ತಿದ್ದವು. ಹೊಲದ ಗುಡಿಸಲುಗಳೆಲ್ಲ ಖಾಲಿಯಾಗಿದ್ದವು. ಮನೆಗಳ ಬೀಗ ತೆರೆದಿದ್ದವು. ಮಾಡುಗಳ ಮೇಲೆ ಒಲೆಯ ಹೊಗೆ ಒಂದಕ್ಕೊಂದು ಸೇರಿ ಒಂದೇ ಮೋಡವಾಗಿತ್ತು. ಒಂದು ಏರಿನ ಮೇಲೆ ಅವನಿಗೆ ಅದು ಹೇಗೋ ಕಣ್ಣಿಗೆ ಬಿತ್ತು. ಜನ ಸುಖವಾಗಿದ್ದಾರೆ, ನಮ್ಮಿಂದ ಅಷ್ಟಾದರೂ ಆಯಿತಲ್ಲ ಎಂದುಕೊಂಡ. ಹಾಗೆ ಅಂದುಕೊಂಡ ಮೇಲೆ ನಿದ್ದೆ ಮಾತ್ರ ಬರಲಿಲ್ಲ.

ಕಡೆಗೆ ಘಟ್ಟದ ನೆತ್ತಿಗೆ ಮುಂಚಿನ ಕೊನೆಯ ಊರು ಬಂತು. ನೆತ್ತಿ ಏರಿದರೆ ಆಚೆ ಸಮುದ್ರ. ಬೆಳಗಿನ ಮಂಜು ಇಳಿದಿತ್ತು. ಇಲ್ಲಿ ಎಲ್ಲರೂ ದೂರ ನಿಂತಿದ್ದರು, ಒಬ್ಬಳು ಮುದುಕಿ ಮಾತ್ರ ಕಟ್ಟು ಮೀರಿ ಗಾಡಿಯ ಕಿಟಕಿಯ ಹತ್ತಿರಕ್ಕೇ ಬಂದಳು. ವರ್ತಕ ಬಾರುಕೋಲು ಎತ್ತಿದ. ಅವಳು ಜಗ್ಗಲಿಲ್ಲ.

"ಹೊಡೆದರೆ ಹೊಡಿ ಪೂಜಾರಪ್ಪ, ನಾನು ನಿನ್ನ ಹತ್ತಿರ ಬಂದಿಲ್ಲ" ಎಂದಳು. ಆಮೇಲೆ ಕಿಟಕಿಯ ಕಡೆಗೆ ಬಾಗಿದಳು. "ತಾಯೀ, ನನ್ನ ಮೊಮ್ಮಗಳ ಮೈ ಕೆಂಡ ಆಗಿದೆ. ಹೋಗೋವಾಗ ಅದನ್ನೂ ತಗೊಂಡು ಹೋಗವ್ವ. ನೀನು ಗಡಿ ದಾಟ್ತಿದ್ದ ಹಾಗೇ ನಾವು ಗುಡಿಸಲು ಬಿಟ್ಟು ಊರೊಳಕ್ಕೆ ಹೋಗ್ತೀವಿ. ಚಾವಡಿ ಮುಂದೆ ಊರಿಗೆಲ್ಲ ಊಟ. ಅವಳನ್ನೂ ಎತ್ಕೊಂಡು ಹೋಗಿ ನನ್ನ ಎಲೆಯಲ್ಲೇ ಉಣ್ಣಿಸ್ತೀನಿ. ಅಷ್ಟು ಹೊತ್ತಿಗೆ ನೀನು ವಾಸಿ ಮಾಡಿರ್ತೀಯ. ಹೋಗು ತಾಯೀ, ಹೋಗು."

ಗಾಡಿ ಹೊರಟಿತು.

ಏರಿನ ದಾರಿಯಲ್ಲಿ ಮಂಜು ಕಿಟಕಿಯಿಂದ ಒಳಗೆ ಬಂದು ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಗಾಳಿ ಬೀಸಿತು. ಉಪ್ಪಿನ ಮರಿಗೆಯ ಮುಚ್ಚಳ ತೆಗೆದ ಹಾಗೆ ವಾಸನೆ ಬಂತು.

"ಬಂತು ಕಣೇ!" ಎಂದ ವರ್ತಕ. "ಇನ್ನೊಂದೇ ತಿರುವು."

"ನಮ್ಮಜ್ಜಿ ಊರಲ್ಲೂ ಹೀಗೇ ತಾಯಿನ ಕಳಿಸೋರು" ಎಂದಳು ಹೆಂಡತಿ. "ನಿಮಗೆ ಯಾವಾಗ ಗೊತ್ತಾಯ್ತು?"

ಅವನು ಎತ್ತುಗಳನ್ನು ಹೊಡೆದ.

"ಯಾವಾಗ್ರೀ?"

"ಕೋಳಿ ಕೊಟ್ಟರಲ್ಲ, ಅದರ ಮುಂದಿನ ಊರಲ್ಲಿ."

"ಗೊತ್ತಿದ್ದೂ ಬಂದ್ರಾ?"

"ನಿನ್ನ ಕಣ್ಣು..." ಎಂದ ವರ್ತಕ. "ಇನ್ನು ಎಷ್ಟು ದಿನ ಕಾಣುತ್ತೋ ಗೊತ್ತಿಲ್ಲ. ನಿನ್ನ ಜೀವಮಾನದಲ್ಲಿ ನನ್ನನ್ನ ಕೇಳಿದ್ದು ಅದೊಂದೇ."

"ಗಾಡಿ ತಿರುಗಿಸಿ."

"ನೋಡಿಕೊಂಡೇ ತಿರುಗಿಸೋಣ ಕಣೇ. ಒಂದು ಗಳಿಗೆ. ಇಷ್ಟು ದೂರ ಬಂದು..."

"ನಾನು ಸಮುದ್ರ ನೋಡ್ತಾ ನಿಂತಿರ್ತೀನಿ, ಅಲ್ಲಿ ಆ ಮಗೂನ ಎತ್ಕೊಂಡು ಬಂದು ಪಂಕ್ತೀಲಿ ಕೂರಿಸ್ತಾರೆ. ತಿರುಗಿಸ್ತೀರೋ, ನಾನು ಇಳಿದು ನಡೀಲೋ? ನನಗೆ ದಾರಿ ಕಾಣಲ್ಲ. ಬಿದ್ದರೆ ಬೀಳ್ತೀನಿ."

ವರ್ತಕ ಮುಂದಿನ ತಿರುವನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಆಮೇಲೆ ಕೆಳಗಿಳಿದು ಎತ್ತು ಬಿಚ್ಚಿದ. ದಾರಿ ಕಿರಿದಾಗಿತ್ತು. ಗಾಡಿಮನೆಯನ್ನು ಹೆಗಲು ಕೊಟ್ಟೇ ತಿರುಗಿಸಬೇಕಾಗಿತ್ತು. ಅವನು ಒಂದು ಚಕ್ರಕ್ಕೆ ಹೆಗಲು ಕೊಟ್ಟ. ಅವಳು ತಡವುತ್ತ ಬಂದು ಇನ್ನೊಂದಕ್ಕೆ ಕೊಟ್ಟಳು. ಕೋಳಿ ಮಾಡಿನ ಮೇಲೆ ಹತ್ತಿ ಕೂಗಿತು. ಅವನ ಬೆನ್ನ ಹಿಂದೆ ಮಂಜು ಸರಿಯಿತೋ ಇಲ್ಲವೋ, ಅವನು ನೋಡಲಿಲ್ಲ.

ಮಾರಿಯ ಗಾಡಿ ಹಿಂದಕ್ಕೆ ಬಂದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಹಾಗೆ ಬಂದರೆ ಊರು ಏನು ಮಾಡುತ್ತದೆಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಎತ್ತುಗಳು ಓಡಿದವು. ಬೇವಿನ ಸೊಪ್ಪು ಉದುರುತ್ತ ಬಂತು. ಮಂಜಿನೊಳಗಿಂದ ಮೊದಲು ತಮಟೆ ಕೇಳಿತು, ಆಮೇಲೆ ಜನರ ನಗು, ಆಮೇಲೆ ಅನ್ನದ ವಾಸನೆ.

ಚಾವಡಿಯ ಮುಂದೆ ಊರಿಗೆ ಊರೇ ಸಾಲಾಗಿ ಕೂತಿತ್ತು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಎಲೆ ಹಾಕಿ ಆಗಿತ್ತು. ಮುದುಕಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಾಲಿನ ನಡುವೆ ಕೂತಿದ್ದಳು. ಗಾಡಿ ಕಂಡಿತು. ತಮಟೆ ಅರ್ಧದಲ್ಲಿ ನಿಂತಿತು. ಬಡಿಸುವವನ ಕೈ ಸೌಟಿನ ಜೊತೆ ಹಾಗೇ ನಿಂತಿತು.

ವರ್ತಕ ಮುಖದ ಬಟ್ಟೆ ಬಿಚ್ಚಿದ. ಹೆಂಡತಿ ಬಾಗಿಲು ತೆಗೆದು, ಚಕ್ರ ಹಿಡಿದುಕೊಂಡು ಕೆಳಗಿಳಿದಳು. ಅವಳಿಗೆ ಜನ ಕಾಣಲಿಲ್ಲ. ದೊಡ್ಡದೊಂದು ಮಸುಕು ಮಾತ್ರ ಕಂಡಿತು. ಅದರ ಕಡೆಗೆ ತಿರುಗಿ ಹೇಳಿದಳು.

"ನಾನು ತಾಯಿ ಅಲ್ಲ ಕಣ್ರಪ್ಪ. ಪೇಟೆಯಿಂದ ಬಂದ ಹೆಂಗಸು. ಇವರು ನನ್ನ ಯಜಮಾನರು, ಬೆಲ್ಲ ಮಾರ್ತಾರೆ. ಸಮುದ್ರ ನೋಡೋಕೆ ಹೊರಟಿದ್ವಿ. ನಮ್ಮ ಗಾಡೀಲಿ ರೋಗ ಹೋಗಿಲ್ಲ. ಎಲ್ಲೂ ಹೋಗಿಲ್ಲ. ಎದ್ದೇಳಿ. ಎಲೆ ಬಿಟ್ಟು ಎದ್ದೇಳಿ."

ಯಾರೂ ಏಳಲಿಲ್ಲ. ಬಿಸಿ ಅನ್ನದ ಹಬೆ ಮಾತ್ರ ಮೇಲಕ್ಕೆ ಹೋಗುತ್ತಿತ್ತು.

ಗುರುಗಳು ಅಷ್ಟಕ್ಕೇ ನಿಲ್ಲಿಸಿ ಮತ್ತೆ ಹುಣಸೆಹಣ್ಣಿಗೆ ಕೈಹಾಕಿದರು.

ನಂಜರಾಜ ಕಾದ. ಗುರುಗಳು ಒಂದು ಬೀಜ ತೆಗೆದರು, ಇನ್ನೊಂದು ತೆಗೆದರು. ಅವನಿಗೆ ತಡೆಯಲಾಗಲಿಲ್ಲ.

"ಪಾಪ, ಕಡೆಗಾದರೂ ಅವಳು ಸಮುದ್ರ ನೋಡಿದಳೇ ಗುರುಗಳೇ?"

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು.

"ಎಲೆಯ ಮುಂದೆ ಕೂತಿದ್ದವರು ಏನಾದರು ಅಂತ ನೀನು ಕೇಳಲೇ ಇಲ್ಲವಲ್ಲ, ನಂಜರಾಜ."